‘ಮಿದುಳು ಜ್ವರ’ ಅಂದರೆ ಯಾವ ಕಾಯಿಲೆ?

ಮಗುವಿಗೆ ಮೆನಿಂಜೈಟಿಸ್ ಆದರೂ ಮಿದುಳು ಜ್ವರ, ಜಪಾನೀಸ್ ಎನ್ಸೆಫಲೈಟಿಸ್ ಬಂದರೂ ಮಿದುಳು ಜ್ವರ, ಮಲೇರಿಯಾ ತಲೆಗೇರಿದರೂ ಮಿದುಳು ಜ್ವರ. ಈಚೆಗೆ ಅಮೀಬಾ ಸೋಂಕಿಗೂ ಅದೇ ಹೆಸರು. ಆಡುಮಾತಿನಲ್ಲಿ ನಡೆದೀತು. ಸುದ್ದಿಯಲ್ಲೂ ಆರೋಗ್ಯ ಲೇಖನದಲ್ಲೂ ಹೀಗೇ ಬರೆದರೆ ಲಸಿಕೆ ಇದೆಯೋ, ಒಬ್ಬರಿಂದೊಬ್ಬರಿಗೆ ಹರಡುತ್ತದೋ, ಓದುವವರಿಗೆ ಒಂದೂ ತಿಳಿಯುವುದಿಲ್ಲ.

ಎನ್ಸೆಫಲೈಟಿಸ್ ಎಂದರೆ ಮಿದುಳಿನ ಅಂಗಾಂಶದ ಉರಿಯೂತ. ಗ್ರೀಕಿನ ‘ಎನ್’ ಎಂದರೆ ಒಳಗೆ, ‘ಕೆಫಲೆ’ ಎಂದರೆ ತಲೆ. ತಲೆಯೊಳಗಿರುವುದು ‘ಎನ್‌ಕೆಫಲೋಸ್’, ಅಂದರೆ ಮಿದುಳು. ‘ಐಟಿಸ್’ ಪ್ರತ್ಯಯಕ್ಕೆ ಮೊದಲು ‘ಸಂಬಂಧಿಸಿದ’ ಎಂಬಷ್ಟೇ ಅರ್ಥವಿತ್ತು, ವೈದ್ಯರ ಬಳಕೆಯಲ್ಲಿ ಉರಿಯೂತಕ್ಕೆ ಅಂಟಿಕೊಂಡಿತು. ಇಡೀ ಪದದಲ್ಲಿ ಜ್ವರವೂ ಇಲ್ಲ, ವೈರಸ್ಸೂ ಇಲ್ಲ. ಉರಿಯೂತ ಮಿದುಳಿನ ಪೊರೆಯಲ್ಲಾದರೆ ಅದು ಮೆನಿಂಜೈಟಿಸ್. ಎರಡೂ ಒಟ್ಟಿಗೆ ಬರುವುದುಂಟು, ಆದರೆ ಎನ್ಸೆಫಲೈಟಿಸ್‌ನ ಮುಖ್ಯ ಗುರುತು ಪ್ರಜ್ಞೆ ಅಥವಾ ವರ್ತನೆ ಕೆಡುವುದು. 2013ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಈ ಬದಲಾವಣೆ ಬೇರೆ ಕಾರಣವಿಲ್ಲದೆ 24 ಗಂಟೆಯಾದರೂ ಇರಬೇಕು. ಜ್ವರ, ಸೆಳವು, ಬೆನ್ನುಹುರಿ ದ್ರವದಲ್ಲಿ ಹೆಚ್ಚಿದ ಬಿಳಿ ರಕ್ತಕಣ, ಎಂಆರ್‌ಐ ಮತ್ತು ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ವ್ಯತ್ಯಾಸಗಳೆಲ್ಲ ಪೂರಕ ಸಾಕ್ಷಿಗಳು. ಜ್ವರದಲ್ಲಿ ಒಮ್ಮೆ ಫಿಟ್ಸ್ ಬಂದು, ಸ್ವಲ್ಪ ಹೊತ್ತಿಗೆ ಮಾಮೂಲಿನಂತೆ ಆಡುವ ಮೂರು ವರ್ಷದ ಮಗುವಿಗೆ ಈ ಹೆಸರು ಅಂಟಿಸುವುದು ತಪ್ಪು.

ಅದಕ್ಕಿಂತ ದುಬಾರಿ ಗೊಂದಲ ‘ಎನ್ಸೆಫಲೋಪತಿ’ಯದು. ಅಲ್ಲಿ ಮಿದುಳಿನ ಕೆಲಸ ಕೆಟ್ಟಿರುತ್ತದೆ, ಉರಿಯೂತ ಇರಲೇಬೇಕೆಂದಿಲ್ಲ. ಬಿಹಾರದ ಮುಜಫ್ಫರ್‌ಪುರದಲ್ಲಿ ಬೇಸಿಗೆಯ ಲಿಚಿ ಕಾಲದಲ್ಲಿ ಮಕ್ಕಳು ಸಾಯುತ್ತಿದ್ದಾಗ ವರ್ಷಗಟ್ಟಲೆ ವೈರಸ್ಸಿಗೆ ಹುಡುಕಾಟ ನಡೆಯಿತು. 2014ರ ತನಿಖೆಯಲ್ಲಿ ರಕ್ತ ಪರೀಕ್ಷೆಯಾದ 327 ಮಕ್ಕಳ ಪೈಕಿ 204 ಮಂದಿಯ ಸಕ್ಕರೆ ಪ್ರಮಾಣ ಡೆಸಿಲೀಟರಿಗೆ 70 ಮಿ.ಗ್ರಾಂ. ಅಥವಾ ಅದಕ್ಕಿಂತ ಕಡಿಮೆ ಇತ್ತು. ತನಿಖೆ ಬೊಟ್ಟುಮಾಡಿದ್ದು ಲಿಚಿಯಲ್ಲಿರುವ, ರಕ್ತದ ಸಕ್ಕರೆ ಇಳಿಸುವ ಹೈಪೊಗ್ಲೈಸಿನ್ ಬಗೆಯ ವಿಷಗಳತ್ತ, ಜೊತೆಗೆ ರಾತ್ರಿ ಊಟವಿಲ್ಲದ ಹೊಟ್ಟೆಯತ್ತ. ತುರ್ತಾಗಿ ಬೇಕಿದ್ದುದು ಗ್ಲೂಕೋಸ್. ಪತ್ರಿಕೆಗಳು ಮಾತ್ರ ‘ಎನ್ಸೆಫಲೈಟಿಸ್’ ಎಂದೇ ಬರೆದವು, ಏಕೆಂದರೆ ಸರ್ಕಾರಿ ಲೆಕ್ಕದಲ್ಲಿ ಇವು ‘ಎಇಎಸ್’ (ಅಕ್ಯೂಟ್ ಎನ್ಸೆಫಲೈಟಿಸ್ ಸಿಂಡ್ರೋಮ್) ಪ್ರಕರಣಗಳು. ಎಇಎಸ್ ಎಂಬುದು ರೋಗ ಕಣ್ಗಾವಲಿನ ಪದ: ದಿಢೀರ್ ಜ್ವರದ ಜೊತೆ ಪ್ರಜ್ಞೆ ಕೆಟ್ಟರೆ ಅಥವಾ ಹೊಸದಾಗಿ ಸೆಳವು ಬಂದರೆ ಎಣಿಕೆಗೆ ಸೇರುತ್ತದೆ, ಕಾರಣ ಆಮೇಲೆ. ಅದನ್ನೇ ರೋಗನಿರ್ಣಯವೆಂದು ಓದುವುದು ಅವಸರ.

ನಿಜಕ್ಕೂ ವೈರಸ್ ಕಾರಣವಾದಾಗ, ಯಾವುದೆಂಬ ಮೊದಲ ಸುಳಿವು ವಯಸ್ಸು ಮತ್ತು ಋತುವಿನಲ್ಲಿ ಸಿಗುತ್ತದೆ. ಮಳೆಗಾಲ ಮತ್ತು ಅದರ ಬೆನ್ನಿಗೆ, ಗದ್ದೆ ಹಾಗೂ ಹಂದಿಗಳಿರುವ ಕಡೆ, 15ರೊಳಗಿನ ಮಕ್ಕಳಲ್ಲಿ ಜಪಾನೀಸ್ ಎನ್ಸೆಫಲೈಟಿಸ್. ಸೋಂಕು ತಗುಲಿದವರಲ್ಲಿ ನೂರಕ್ಕೆ ಒಬ್ಬರಿಗೂ ಕಾಯಿಲೆ ಕಾಣುವುದಿಲ್ಲ. ಕಂಡರೆ ಸಾವು 30%ವರೆಗೆ. ಇದಕ್ಕೆ ಲಸಿಕೆ ಇದೆ. ಇದನ್ನು ಹರಡುವುದು ಸೊಳ್ಳೆ; ಮನುಷ್ಯರ ರಕ್ತದಲ್ಲಿ ಮತ್ತೆ ಸೊಳ್ಳೆಗೆ ದಾಟುವಷ್ಟು ವೈರಸ್ ಇರುವುದಿಲ್ಲ, ಹಾಗಾಗಿ ಇಂಥ ಮಗುವನ್ನು ಓಣಿಯವರು ದೂರವಿಡುವುದು ಅರ್ಥಹೀನ. ಮರಳು ನೊಣದಿಂದ ಬರುವ ಚಂಡೀಪುರ ವೈರಸ್ ಒಂದೆರಡು ದಿನದಲ್ಲೇ ಜೀವ ತೆಗೆಯಬಲ್ಲದು. ಐದರೊಳಗಿನವರಲ್ಲಿ ಕೈ-ಕಾಲು-ಬಾಯಿ ರೋಗದ ಜೊತೆ ನಿದ್ದೆಯಲ್ಲಿ ಬೆಚ್ಚಿದಂತೆ ಮೈ ಪದೇಪದೇ ಜಗ್ಗಿದರೆ ಎಂಟೆರೊವೈರಸ್ 71 ಮಿದುಳಿನ ಕಾಂಡಕ್ಕಿಳಿದಿರಬಹುದು.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿಗೆ ಋತುವಿಲ್ಲ, ಊರಿಲ್ಲ. ಸರಿಯಾದ ಮದ್ದಿರುವುದೂ ಇವುಗಳಲ್ಲಿ ಅದೊಂದಕ್ಕೇ. ಅದಕ್ಕೇ ಶಂಕೆ ಬಂದೊಡನೆ, ವರದಿಗೆ ಕಾಯದೆ, ಅಸೈಕ್ಲೊವಿರ್ ಅನ್ನು ರಕ್ತನಾಳಕ್ಕೆ ಕೊಡಲು ಶುರುಮಾಡುತ್ತಾರೆ. ನವಜಾತರಿಗೆ ಕಿಲೋ ತೂಕಕ್ಕೆ 20 ಮಿ.ಗ್ರಾಂ.ನಂತೆ 8 ಗಂಟೆಗೊಮ್ಮೆ, 21 ದಿನ. ಬೆನ್ನುಹುರಿ ದ್ರವದಲ್ಲಿ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ ಮೊದಲ ಮೂರು ದಿನದಲ್ಲಿ ಸುಳ್ಳು ನೆಗೆಟಿವ್ ಬರುವುದುಂಟು. ಲಕ್ಷಣ ಹರ್ಪಿಸ್‌ಗೆ ಹೊಂದುತ್ತಿದ್ದರೆ ಔಷಧ ನಿಲ್ಲಿಸದೆ ದ್ರವವನ್ನು ಮತ್ತೆ ಪರೀಕ್ಷಿಸಬೇಕು.

ಇನ್ನೊಂದು ತಪ್ಪು ಮಾತು: ‘ವೈರಸ್ ಮರುಕಳಿಸಿದೆ’. ಹರ್ಪಿಸ್‌ನಿಂದ ಚೇತರಿಸಿಕೊಂಡ ಮಗು ಕೆಲ ವಾರಗಳ ಮೇಲೆ ಮುಖ ತಿರುಚುತ್ತ, ಕೈಕಾಲು ಅಂಕೆತಪ್ಪಿ ಆಡಿಸುತ್ತ, ಮಾತು ಕಳೆದುಕೊಂಡರೆ ಬಹಳ ಸಲ ಅದು ನರಕೋಶಗಳ ಮೇಲೆ ಸಂಕೇತ ಹಿಡಿಯುವ ಎನ್‌ಎಂಡಿಎ ಗ್ರಾಹಕದ (ರಿಸೆಪ್ಟರ್) ವಿರುದ್ಧ ದೇಹವೇ ತಯಾರಿಸಿದ ಪ್ರತಿಕಾಯಗಳ ಕೆಲಸ. ಆಗ ಪಿಸಿಆರ್ ನೆಗೆಟಿವ್ ಇರುತ್ತದೆ. ಚಿಕಿತ್ಸೆ ಸ್ಟೆರಾಯ್ಡ್, ಇಮ್ಯುನೋಗ್ಲಾಬ್ಯುಲಿನ್ ಕಡೆ ಹೊರಳುತ್ತದೆ.