ಭೂತಾನದ ಅಡಿಕೆ, ನಮ್ಮೂರಿನ ಕಟ್ಟ

"ಭೂತಾನಕ್ಕೆ ಕೋಟಿಗಟ್ಟಲೆ ದುಡ್ಡು ಕೊಡುವುದೂ ನಾವೇ, ಅವರ ಅಡಿಕೆ ತಗೊಳ್ಳುವುದೂ ನಾವೇ. ಇದು ಯಾವ ನ್ಯಾಯ ಮಾರಾಯ್ರೆ?"

2022ರ ಸೆಪ್ಟೆಂಬರಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಕೇಳಿದ್ದಾರೆ, ಪೆರ್ಲದಲ್ಲಿ ಬಸ್ಸಿಗೆ ಕಾಯುವಾಗ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೂ ಕೇಳಿದ್ದಾರೆ. ಆಮದು–ರಫ್ತಿನ ಕಾಗದಪತ್ರ ಮಾಡುವುದು ನನ್ನ ಕೆಲಸ. ಮಂಗಳೂರಿಗೆ ಬರುವ ಮೊದಲು ಕೆಲವು ವರ್ಷ ಭೂತಾನದ ಗಡಿಯ ಜೈಗಾಂವ್‌ನಲ್ಲಿದ್ದೆ. ಅದಕ್ಕೇ ಎಲ್ಲರೂ ನನ್ನನ್ನೇ ಹಿಡಿಯುತ್ತಾರೆ. ಸರಕಾರದ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ. ನಿಯಮಗಳೂ ಆಗಾಗ ಬದಲಾಗುತ್ತವೆ. ಹಾಗಾಗಿ ಇದನ್ನು ನಂಬಿ ಯಾರೂ ವ್ಯಾಪಾರಕ್ಕೆ ಇಳಿಯಬೇಡಿ.

ಆ ತಿಂಗಳು ಬಂದ ಆದೇಶ ಇಷ್ಟೇ: ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಜೈಗಾಂವ್ ಕಸ್ಟಮ್ಸ್ ಠಾಣೆಯ ಮೂಲಕ ಬರಬಹುದು, ಅದಕ್ಕೆ ಕನಿಷ್ಠ ಆಮದು ಬೆಲೆಯ (ಇಷ್ಟಕ್ಕಿಂತ ಕಡಿಮೆ ಬೆಲೆಗೆ ತರುವ ಹಾಗಿಲ್ಲ ಎಂಬ) ಕಟ್ಟುಪಾಡು ಇಲ್ಲ. ಹಸಿ ಅಡಿಕೆ ಅಂದರೆ ಸಿಪ್ಪೆ ಸಮೇತ. ಸುಲಿದು ಒಣಗಿಸಿದರೆ ಅದರಲ್ಲಿ ಎಷ್ಟು ಕಡಿಮೆ ಉಳಿಯುತ್ತದೆ ಎಂದು ಅಂಗಳದಲ್ಲಿ ಅಡಿಕೆ ಹರಡಿದವರಿಗೆ ನಾನು ಹೇಳಬೇಕಾ? ಬೇರೆ ದೇಶದ ಅಡಿಕೆಗೆ ಕನಿಷ್ಠ ಬೆಲೆಯ ತಡೆ ಹಾಗೇ ಇದೆ. ಅದನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಬೆಳೆಗಾರರ ಭಯ ಸುಳ್ಳು ಎನ್ನುತ್ತಿಲ್ಲ. ಕೊಳೆರೋಗ, ಎಲೆಚುಕ್ಕಿ ರೋಗ ಎರಡೂ ಸೇರಿ ಹೊಡೆದ ವರ್ಷ ಹೊರಗಿನ ಒಂದು ಮೂಟೆ ಬಂದರೂ ಹೊಟ್ಟೆ ಉರಿಯುತ್ತದೆ. ನನ್ನ ತೋಟದಲ್ಲೂ ಅದೇ ಕಥೆ.

ನನಗೆ ತಲೆಬಿಸಿ ಆಗುವುದು ಆ ಪ್ರಶ್ನೆಯ ಮೊದಲ ಅರ್ಧಕ್ಕೆ. "ದುಡ್ಡು ಕೊಡುವುದು ನಾವು" ಎನ್ನುತ್ತಾರಲ್ಲ, ಅದಕ್ಕೆ.

ದುಡ್ಡು ಕೊಟ್ಟಿರುವುದು ನಿಜ. 1961ರಲ್ಲಿ ಭೂತಾನ ಪಂಚವಾರ್ಷಿಕ ಯೋಜನೆ ಶುರು ಮಾಡಿದಾಗ ಮೊದಲ ಎರಡು ಯೋಜನೆಗಳ ಖರ್ಚು ಪೂರ್ತಿ ಭಾರತದ್ದೇ. ಅದಕ್ಕೆ ಮೂರು ವರ್ಷ ಮೊದಲು, 1958ರಲ್ಲಿ, ನೆಹರೂ ಅಲ್ಲಿಗೆ ಹೋಗಿದ್ದು ಕುದುರೆ, ಯಾಕ್ ಏರಿ. ರಸ್ತೆಯೇ ಇರಲಿಲ್ಲ. ರಸ್ತೆ ಆಮೇಲೆ ಭಾರತದವರೇ ಮಾಡಿಕೊಟ್ಟರು. 2024ರಿಂದ 2029ರ ತನಕದ ಹದಿಮೂರನೇ ಯೋಜನೆಗೆ 10,000 ಕೋಟಿ ರೂಪಾಯಿ ಕೊಡುವುದಾಗಿ ಮಾತಾಗಿದೆ. ದೊಡ್ಡ ಮೊತ್ತವೇ.

ಆದರೆ ಇದನ್ನು ಭಿಕ್ಷೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಸಂಬಳ ಎಂದುಕೊಂಡರೂ ತಪ್ಪುತ್ತದೆ. ಇದೊಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಇಂಥ ಸಂಬಂಧದಲ್ಲಿ ಲೆಕ್ಕದ ಒಂದು ಬಾಬ್ತಿನಿಂದ ಇನ್ನೊಂದನ್ನು ಕಳೆಯುವ ಕ್ರಮ ಇಲ್ಲ. ಅಡಿಕೆಗೆ ಅಡಿಕೆ, ರಸ್ತೆಗೆ ಓಟು ಅಂತ ಇಲ್ಲ.

ನಮ್ಮೂರಿನ ಕಟ್ಟವನ್ನೇ ನೋಡಿ. ಮಳೆ ಬಿಟ್ಟು ತೋಡಿನ (ಸಣ್ಣ ಹಳ್ಳದ) ನೀರು ಇಳಿಯುತ್ತಾ ಬಂದಾಗ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಈಗೀಗ ಪ್ಲಾಸ್ಟಿಕ್ ಶೀಟು ಹಾಕಿ ಅಡ್ಡ ಕಟ್ಟುತ್ತೇವಲ್ಲ, ಅದು. ನಮ್ಮ ತೋಡಿನ ಕಟ್ಟಕ್ಕೆ ಪ್ರತಿ ವರ್ಷ ಜಾಸ್ತಿ ಆಳು ಕಳಿಸುತ್ತಿದ್ದದ್ದು ನಮ್ಮ ಮನೆ. ಕೆಳಗಿನ ತೋಟದವರದ್ದು ಒಂದೋ ಎರಡೋ ಆಳು. ಒಂದು ವರ್ಷ ಅಪ್ಪ ಹಠ ಹಿಡಿದು ಆಳು ಲೆಕ್ಕ ಬರೆದರು. "ಎಂಟು ಆಳು ನನ್ನದು, ಎರಡು ಅವನದು, ಸಮಪಾಲು ಐದೈದು; ಅವನದ್ದು ಕಡಿಮೆ ಬಿದ್ದ ಮೂರು ಆಳಿನ ಕೂಲಿ ಅವನು ಕೊಡಲಿ." ಕೆಳಗಿನ ತೋಟದ ಭಾವ ಏನೂ ಹೇಳಲಿಲ್ಲ. ತನ್ನ ಬದಿಯ ಅಂಚಿನಿಂದ ಕಲ್ಲು, ಮಣ್ಣು ತೆಗೆಯಲು ಬಿಡಲಿಲ್ಲ, ಅಷ್ಟೇ. ತೋಡಿನ ಒಂದು ದಡ ಅವರದ್ದು ಎಂಬುದು ಅಪ್ಪನ ಲೆಕ್ಕದ ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಆ ವರ್ಷ ಕಟ್ಟ ಕಟ್ಟಲು ಆಗಲೇ ಇಲ್ಲ. ಏಪ್ರಿಲಿಗೆ ನಮ್ಮ ಬಾವಿ ತಳ ಕಂಡಿತು, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಬೆರಳಿನಷ್ಟು ಸಣ್ಣ ಆಯ್ತು.

ಭೂತಾನದ ಬದಿಯ ದಡ ಯಾವುದು? 2003ರ ಡಿಸೆಂಬರಿನಲ್ಲಿ ಅಸ್ಸಾಮಿನ ಉಲ್ಫಾದಂಥ ಉಗ್ರರ ಶಿಬಿರಗಳನ್ನು ಭೂತಾನದ ಸೈನ್ಯ ತನ್ನ ಕಾಡಿನಿಂದ ಓಡಿಸಿತು. ಅವರ ಸೈನಿಕರೂ ಸತ್ತರು. 2017ರಲ್ಲಿ ದೋಕ್ಲಾಮ್‌ನಲ್ಲಿ ಭಾರತ, ಚೀನಾ ಸೈನ್ಯಗಳು 73 ದಿನ ಎದುರುಬದುರು ನಿಂತವು. ಆ ಜಾಗ ಭೂತಾನ ತನ್ನದು ಎನ್ನುವ ನೆಲ. ಅಲ್ಲಿಂದ ಕೆಳಗೆ ಸಿಲಿಗುರಿಯ ಸಪೂರ ಭೂಮಿ, ಈಶಾನ್ಯಕ್ಕೆ ನಮ್ಮ ಏಕೈಕ ನೆಲದ ದಾರಿ. ಇದಕ್ಕೆ ಟನ್ನಿನ ಲೆಕ್ಕದಲ್ಲಿ ರೇಟು ಹಾಕುವುದು ಹೇಗೆ?

ಕೊಟ್ಟ ದುಡ್ಡೂ ಅಲ್ಲೇ ಕೂತಿರುವುದಿಲ್ಲ. 1980ರ ದಶಕದಲ್ಲಿ ಮುಗಿದ ಚುಖಾ ಜಲವಿದ್ಯುತ್ ಯೋಜನೆ 336 ಮೆಗಾವಾಟ್. ಖರ್ಚಿನಲ್ಲಿ 60 ಭಾಗ ಅನುದಾನ, 40 ಭಾಗ ಸಾಲ. ಮಿಕ್ಕ ಕರೆಂಟು ಭಾರತಕ್ಕೇ ಬಂತು. 2019ರಲ್ಲಿ ಉದ್ಘಾಟನೆ ಆದ 720 ಮೆಗಾವಾಟಿನ ಮಾಂಗ್ದೆಛುಗೆ ಅನುದಾನ ಬರೀ 30, ಸಾಲ 70. ಅಂದರೆ ಇಂಥ ಜಲವಿದ್ಯುತ್ ಯೋಜನೆಗಳಿಗೆ ಈಗೀಗ ನಾವು ಕೊಡುವುದರಲ್ಲಿ ಸಾಲದ ಪಾಲೇ ಜಾಸ್ತಿ. ಅದಕ್ಕೆ ಬಡ್ಡಿಯೂ ಇದೆ. ಚಳಿಗಾಲದಲ್ಲಿ ಅವರ ಹೊಳೆಗಳು ಸೊರಗುತ್ತವೆ, ಆಗ ಅವರೇ ನಮ್ಮಿಂದ ಕರೆಂಟು ಕೊಳ್ಳುತ್ತಾರೆ. ಬೇಸಗೆಯಲ್ಲಿ ತೋಡು ಬತ್ತುವುದನ್ನು ನೋಡಿದ ನಮಗೆ ಇದು ಅರ್ಥ ಆಗದ ವಿಷಯ ಅಲ್ಲ.

"ಆದ್ರೂ ನಮ್ಮ ಮಾತು ಕೇಳಬೇಕಲ್ವಾ?" ಎನ್ನುವವರು ಇದ್ದಾರೆ. 1949ರ ಒಪ್ಪಂದದಲ್ಲಿ ಹಾಗೊಂದು ಮಾತು ಇತ್ತು: ವಿದೇಶ ವ್ಯವಹಾರದಲ್ಲಿ ಭೂತಾನ ಭಾರತದ ಸಲಹೆಯಂತೆ ನಡೆಯಬೇಕು ಅಂತ. 2007ರಲ್ಲಿ ಎರಡೂ ಕಡೆಯವರು ಕೂತು ಅದನ್ನು ತೆಗೆದರು. ಈಗಿನದು ಪರಸ್ಪರ ಸಹಕಾರದ ಮಾತು. ಒಬ್ಬರ ನೆಲವನ್ನು ಇನ್ನೊಬ್ಬರ ವಿರುದ್ಧ ಬಳಸಲು ಬಿಡಬಾರದು ಎಂಬ ಷರತ್ತೂ ಇದೆ. ಆಮೇಲೆ ಭೂತಾನ ಎಷ್ಟೋ ಸಲ ಬೇಡ ಎಂದಿದೆ. ನಾಲ್ಕು ದೇಶಗಳ ವಾಹನ ಸಂಚಾರ ಒಪ್ಪಂದ ಭಾರತಕ್ಕೆ ಬಹಳ ಬೇಕಿತ್ತು. 2016ರಲ್ಲಿ ಅವರ ಸಂಸತ್ತಿನ ಮೇಲ್ಮನೆ ಅದನ್ನು ಒಪ್ಪಲಿಲ್ಲ. 2020ರಲ್ಲಿ ಭಾರತದ ಪ್ರವಾಸಿಗಳಿಗೂ ದಿನಕ್ಕೆ 1,200 ರೂಪಾಯಿ ಶುಲ್ಕ ಹಾಕಿದರು. ಹಾಗಂತ ನೆರವು ನಿಂತಿತಾ?

ಒಮ್ಮೆ ಮಾತ್ರ ಬೇರೆ ತರ ಆಯ್ತು. 2013ರ ಜುಲೈಯಲ್ಲಿ, ಭೂತಾನದ ಚುನಾವಣೆಯ ಹೊತ್ತಿಗೆ ಸರಿಯಾಗಿ, ಅಡುಗೆ ಗ್ಯಾಸು ಮತ್ತು ಸೀಮೆಎಣ್ಣೆಯ ಸಬ್ಸಿಡಿ ನಿಂತಿತು. ಒಪ್ಪಂದದ ಅವಧಿ ಮುಗಿದಿತ್ತು, ತಾಂತ್ರಿಕ ಕಾರಣ ಎಂದು ದೆಹಲಿ ಹೇಳಿತು. ಇರಬಹುದು, ಇಲ್ಲ ಎನ್ನಲು ನಾನು ಯಾರು? ಆದರೆ ಸಿಲಿಂಡರಿನ ಬೆಲೆ ಒಮ್ಮೆಲೇ ಏರಿದ ಮನೆಯ ಹೆಂಗಸು ತಾಂತ್ರಿಕ ಕಾರಣ ಓದುತ್ತಾಳಾ? ಸಬ್ಸಿಡಿ ಆಮೇಲೆ ವಾಪಸು ಬಂತು. ನಮ್ಮ ಅಪ್ಪ ಆಳು ಲೆಕ್ಕ ಬರೆದ ಪುಸ್ತಕ ನನಗೆ ಆಗ ನೆನಪಾಗಿತ್ತು.

ಜೈಗಾಂವ್‌ನಲ್ಲಿ ಒಂದು ದೊಡ್ಡ ಚಿತ್ತಾರದ ದ್ವಾರ ಇದೆ. ಈಚೆ ಹಾರ್ನು, ಧೂಳು, ರಿಕ್ಷಾ. ಆಚೆ ಫುಂಟ್ಶೋಲಿಂಗ್, ಅಲ್ಲಿ ಜನ ಗೆರೆ ನೋಡಿ ರಸ್ತೆ ದಾಟುತ್ತಾರೆ. ಅವರ ಒಂದು ಎನ್‌ಗುಲ್ಟ್ರಮ್ ನಮ್ಮ ಒಂದು ರೂಪಾಯಿಗೆ ಸಮ. ನಾನು ಚಾ ಕುಡಿಯುತ್ತಿದ್ದ ಅಂಗಡಿಯವರು ಎರಡೂ ನೋಟುಗಳನ್ನು ಒಂದೇ ಡಬ್ಬಕ್ಕೆ ಹಾಕುತ್ತಿದ್ದರು. ಸಂಜೆ ಬೇರೆ ಮಾಡುವುದಿಲ್ವಾ ಎಂದು ಕೇಳಿದ್ದಕ್ಕೆ, "ಬೆಳಿಗ್ಗೆ ಚಿಲ್ಲರೆಗೆ ಎರಡೂ ಬೇಕು" ಎಂದರು.

ಮೊನ್ನೆ ನಮ್ಮ ಊರಿನ ಕೆಲವರು ಮನವಿ ಬರೆದುಕೊಂಡು ಬಂದಿದ್ದರು. ಮೊದಲ ಸಾಲೇ "ಭೂತಾನಕ್ಕೆ ಕೊಡುವ ನೆರವು ನಿಲ್ಲಿಸಬೇಕು". ಅದನ್ನು ಹೊಡೆದು ಹಾಕಿದೆ. ಬದಲಿಗೆ ಬರೆಸಿದ್ದು ಇಷ್ಟು: ಬರುವ ಮಾಲು ಭೂತಾನದ್ದೇ ಹೌದೇ ಎಂದು ಮೂಲದ ಪ್ರಮಾಣಪತ್ರ ಸರಿಯಾಗಿ ನೋಡಿ, 17,000 ಟನ್ನಿನ ಮಿತಿ ದಾಟದಂತೆ ತಿಂಗಳು ತಿಂಗಳು ಲೆಕ್ಕ ಪ್ರಕಟಿಸಿ, ಈಶಾನ್ಯದ ಬೇರೆ ಗಡಿಗಳಿಂದ ಕಳ್ಳದಾರಿಯಲ್ಲಿ ಬರುವ ಒಣ ಅಡಿಕೆ ಹಿಡಿಯಿರಿ. ಅವರಲ್ಲಿ ಹಿರಿಯರೊಬ್ಬರು ಓದಿ ನೋಡಿ ಸಹಿ ಹಾಕಿದರು. ಆಮೇಲೆ ಕವಳದ ಹರಿವಾಣ ಹತ್ತಿರ ಎಳೆದುಕೊಂಡು, "ಅಲ್ಲಾ, ಭೂತಾನದವರು ಹಸಿ ಅಡಿಕೆ ಹುಳಿ ಬರಿಸಿ ತಿನ್ನುತ್ತಾರಂತೆ, ನೀವು ತಿಂದಿದ್ದೀರಾ?" ಎಂದು ಕೇಳಿದರು.

ತಿಂದಿದ್ದೇನೆ. ಡೋಮಾ ಎನ್ನುತ್ತಾರೆ. ಬೆವರು ಇಳಿಯಿತು, ಎರಡು ದಿನ ವಾಸನೆ ಹೋಗಲಿಲ್ಲ.