‘ಶೇ. 81 ಬೆಂಬಲ’: ಯುದ್ಧಕಾಲದ ರಷ್ಯಾದ ಜನಾಭಿಪ್ರಾಯವನ್ನು ಓದುವ ಬಗೆ

2022ರ ಮಾರ್ಚ್‌ನಲ್ಲಿ ಲೆವಾಡಾ ಕೇಂದ್ರದ ಸಮೀಕ್ಷೆಯಲ್ಲಿ ಉಕ್ರೇನಿನಲ್ಲಿ ತಮ್ಮ ಸೇನೆಯ ಕಾರ್ಯಾಚರಣೆಯನ್ನು ಬೆಂಬಲಿಸುತ್ತೇವೆ ಎಂದ ರಷ್ಯನ್ನರು ಶೇ. 81. ಈ ಅಂಕಿಯನ್ನು ಮೊದಲು ಒಡೆದು ನೋಡಿ. ‘ಖಂಡಿತ ಹೌದು’ ಎಂದವರು ಶೇ. 53, ಉಳಿದ ಶೇ. 28 ಮಂದಿಯದು ‘ಬಹುಶಃ ಹೌದು’. ಮರುತಿಂಗಳೇ ‘ಖಂಡಿತ’ದ ಪಾಲು ಶೇ. 45ಕ್ಕೆ ಇಳಿಯಿತು.

ಅಳೆದವರು ಯಾರು? ರಷ್ಯಾದ ಸಮೀಕ್ಷಾ ಸಂಸ್ಥೆಗಳಲ್ಲಿ ವ್ತ್ಸಿಯೋಮ್ ಸರ್ಕಾರಿ ಸ್ವಾಮ್ಯದ್ದು. ಲೆವಾಡಾ ಸ್ವತಂತ್ರ ಸಂಸ್ಥೆ. 2016ರಲ್ಲಿ ಸರ್ಕಾರ ಅದಕ್ಕೆ ‘ವಿದೇಶಿ ಏಜೆಂಟ್’ ಹಣೆಪಟ್ಟಿ ಕಟ್ಟಿತು. ಲೆವಾಡಾದವರು ಸುಮಾರು 50 ಪ್ರಾಂತಗಳಲ್ಲಿ 1,600 ವಯಸ್ಕರನ್ನು ಮನೆಗೇ ಹೋಗಿ ಮಾತನಾಡಿಸುತ್ತಾರೆ. ಅಂಕಿಗಳನ್ನು ತಿದ್ದಿದ್ದಾರೆ ಎಂದು ಬರೆದುಬಿಡುವುದು ಸುಲಭ, ಆದರೆ ತೊಡಕು ಇರುವುದು ಅಲ್ಲಲ್ಲ. 2022ರ ಮಾರ್ಚ್ 4ರ ಕಾನೂನಿನ ಪ್ರಕಾರ ಸೇನೆಯ ಬಗ್ಗೆ ‘ಸುಳ್ಳು ಮಾಹಿತಿ’ ಹರಡಿದರೆ 15 ವರ್ಷಗಳವರೆಗೂ ಜೈಲು. ‘ಅಪಖ್ಯಾತಿ’ ತಂದರೆ ಮೊದಲ ಸಲ 30,000ದಿಂದ 50,000 ರೂಬಲ್ ದಂಡ, ವರ್ಷದೊಳಗೆ ಮತ್ತೆ ಮಾಡಿದರೆ ಕ್ರಿಮಿನಲ್ ಪ್ರಕರಣ. ಹೀಗಿರುವಾಗ ಬಾಗಿಲಿಗೆ ಬಂದ ಅಪರಿಚಿತರ ಮುಂದೆ ‘ಇಲ್ಲ’ ಎನ್ನಲು ಎಷ್ಟು ಜನರಿಗೆ ಧೈರ್ಯವಿದ್ದೀತು? ಹಾಗೆಂದು ಎಲ್ಲವನ್ನೂ ಭಯದ ಲೆಕ್ಕಕ್ಕೆ ಹಾಕುವಂತೆಯೂ ಇಲ್ಲ. ಯುದ್ಧ ಶುರುವಾದ ಮೇಲೆ ಉತ್ತರಿಸಲು ಒಪ್ಪುವವರ ಪ್ರಮಾಣ ಕುಸಿದಿಲ್ಲ ಎನ್ನುತ್ತದೆ ಲೆವಾಡಾ.

ಬಾಯಿಬಿಡದ ಅಭಿಪ್ರಾಯವನ್ನು ಅಳೆಯಲು ಸಂಶೋಧಕರು ಪಟ್ಟಿ ಪ್ರಯೋಗ ಬಳಸುತ್ತಾರೆ. ಒಂದು ಗುಂಪಿಗೆ ನಾಲ್ಕು ಸಾಧಾರಣ ಹೇಳಿಕೆ. ಇನ್ನೊಂದಕ್ಕೆ ಅವೇ ನಾಲ್ಕರ ಜತೆಗೆ ‘ಸೇನಾ ಕಾರ್ಯಾಚರಣೆಯನ್ನು ಬೆಂಬಲಿಸುತ್ತೇನೆ’ ಎಂಬ ಐದನೆಯದು. ಯಾವುದಕ್ಕೆ ಒಪ್ಪಿಗೆ ಎಂದು ಕೇಳುವುದಿಲ್ಲ, ಎಷ್ಟಕ್ಕೆ ಎಂದಷ್ಟೇ ಕೇಳುತ್ತಾರೆ. ಮೊದಲ ಗುಂಪಿನ ಸರಾಸರಿ 2.0, ಎರಡನೆಯದು 2.6 ಬಂತೆನ್ನಿ, ವ್ಯತ್ಯಾಸ 0.6, ಅಂದರೆ ಶೇ. 60 ಬೆಂಬಲ. (ಇವು ಲೆಕ್ಕ ತೋರಿಸಲು ಇಟ್ಟ ಅಂಕಿಗಳು.) 2022ರಲ್ಲಿ ರಷ್ಯಾದಲ್ಲಿ ನಡೆದ ಇಂಥ ಪ್ರಯೋಗದಲ್ಲಿ ಬೆಂಬಲ ನೇರ ಪ್ರಶ್ನೆಗಿಂತ ಕಡಿಮೆ ಬಂತು, ಆದರೂ ಬಹುಮತ ಉಳಿಯಿತು. ಗುಂಪುಗಳು ಚಿಕ್ಕದಾದರೆ ಈ ವಿಧಾನದ ಅಂದಾಜು ತಪ್ಪಬಹುದಾದ ಅಂತರ ಬಹಳ ಹಿಗ್ಗುತ್ತದೆ.

ಇನ್ನು ಟಿವಿ. ರೊಸ್ಸಿಯಾ-1 ಸರ್ಕಾರದ್ದು, ಎನ್‌ಟಿವಿ ಗಾಜ್‌ಪ್ರೋಮ್-ಮೀಡಿಯಾದ ಕೈಯಲ್ಲಿದೆ. ಎಖೋ ಮಾಸ್ಕ್ವಿ ಬಾನುಲಿ, ದೋಜ್ದ್ ವಾಹಿನಿ, ನೋವಾಯಾ ಗಜೇತಾ ಪತ್ರಿಕೆ ಮೂರೂ 2022ರ ಮಾರ್ಚ್ ಮುಗಿಯುವುದರೊಳಗೆ ನಿಂತವು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗೂ ತಡೆ ಬಿತ್ತು. ಟಿವಿ ಎಲ್ಲರನ್ನೂ ನಂಬಿಸಲೇಬೇಕಿಲ್ಲ. ‘ಯುದ್ಧ’ದ ಬದಲು ‘ವಿಶೇಷ ಸೇನಾ ಕಾರ್ಯಾಚರಣೆ’ ಎನ್ನುತ್ತದೆ. ಮುಜುಗರದ ಘಟನೆ ನಡೆದರೆ ಒಂದಕ್ಕೊಂದು ತಾಳೆಯಾಗದ ವಿವರಣೆಗಳನ್ನು ಹರಿಬಿಡುತ್ತದೆ: 2014ರಲ್ಲಿ ಮಲೇಷ್ಯಾದ ಪ್ರಯಾಣಿಕ ವಿಮಾನ ಎಂಎಚ್17 ಪೂರ್ವ ಉಕ್ರೇನಿನಲ್ಲಿ ಬಿದ್ದಾಗ ಮೊದಲು ಉಕ್ರೇನಿನ ಯುದ್ಧವಿಮಾನದತ್ತ ಬೊಟ್ಟು ಮಾಡಿತು, ಆಮೇಲೆ ಉಕ್ರೇನಿನ ಬೂಕ್ ಕ್ಷಿಪಣಿಯತ್ತ. ನೋಡುಗ ಯಾವುದನ್ನೂ ನಂಬದೆ ‘ನಿಜ ಯಾರಿಗೆ ಗೊತ್ತು’ ಎಂದು ಕೈಚೆಲ್ಲಿದರೂ ಸಾಕು. ಇದೆಲ್ಲಕ್ಕಿಂತ ಗಟ್ಟಿ ಕೆಲಸವೆಂದರೆ, ಉಳಿದವರೆಲ್ಲ ಒಪ್ಪಿದ್ದಾರೆ ಎಂದು ದಿನವೂ ತೋರಿಸುವುದು. ಶೇ. 81 ಎಂಬ ಸಮೀಕ್ಷೆಯ ಅಂಕಿಯೂ ಆ ಪ್ರದರ್ಶನದ ಸರಕೇ.

ಈ ಹಿಡಿತ ಸಡಿಲಿದ್ದು 2022ರ ಸೆಪ್ಟೆಂಬರ್ 21ರಂದು, 3 ಲಕ್ಷ ಜನರ ಭಾಗಶಃ ಸೇನಾ ಭರ್ತಿ ಘೋಷಣೆಯಾದಾಗ. ಪರದೆಯ ಮೇಲಿದ್ದದ್ದು ಮನೆಬಾಗಿಲಿಗೆ ಬಂತು. ಪುಟಿನ್ ಕಾರ್ಯವೈಖರಿಗೆ ಮೆಚ್ಚುಗೆ ಒಂದೇ ತಿಂಗಳಲ್ಲಿ ಶೇ. 83ರಿಂದ 77ಕ್ಕೆ ಇಳಿಯಿತು. ಭರ್ತಿಯ ಸುದ್ದಿ ಆತಂಕ, ಭಯ ತಂದಿತು ಎಂದವರು ಶೇ. 47. ಸೇನೆಗೆ ಬೆಂಬಲ ಮಾತ್ರ ಶೇ. 70ರ ಮೇಲೆಯೇ ಉಳಿಯಿತು.

ಪ್ರಶ್ನೆಯ ಮಾತುಗಳನ್ನು ಓದದೆ ಅಂಕಿ ಉಲ್ಲೇಖಿಸಬೇಡಿ. ಪುಟಿನ್ ಈ ವಾರವೇ ಯುದ್ಧ ನಿಲ್ಲಿಸಿದರೆ ಒಪ್ಪುತ್ತೀರಾ ಎಂದು 2023ರ ಕೊನೆಯಲ್ಲಿ ಲೆವಾಡಾ ಕೇಳಿದಾಗ ಸುಮಾರು ಶೇ. 70 ಮಂದಿ ಹೌದು ಎಂದರು. ಗೆದ್ದ ನೆಲ ಬಿಟ್ಟುಕೊಟ್ಟು ನಿಲ್ಲಿಸಿದರೆ? ಆಗ ಹೌದು ಎಂದವರು ಮೂರರಲ್ಲೊಬ್ಬರು.