ಬಿಸಿನೆಸ್ ಕಸ್ಟಮರ್‌ಗೆ ಏನು ಗಿಫ್ಟ್ ಕೊಡ್ಬೇಕು: ನನ್ನ ಟಿಪ್ಪಣಿ

ಎಂ.ಕಾಂ ಮಾರ್ಕೆಟಿಂಗ್ ಪೇಪರ್ ಓದ್ತಿರೋರಿಗೆ ಇದು. ಪುಸ್ತಕದಲ್ಲಿ ಕಾರ್ಪೊರೇಟ್ ಗಿಫ್ಟಿಂಗ್ ಅಂತ ಎರಡು ಪ್ಯಾರಾ ಕೊಟ್ಟು ಮುಂದಕ್ಕೆ ಹೋಗ್ಬಿಡ್ತಾರೆ, ನಾನು ತುಮಕೂರಿನ ಅಂತರಸನಹಳ್ಳಿ ಕಡೆ ಗೋಣಿಚೀಲ, ಪ್ಯಾಕಿಂಗ್ ಸಾಮಾನು ಸಪ್ಲೈ ಮಾಡೋ ನಮ್ಮ ಮಾವನ ಅಂಗಡೀಲಿ ಲೆಕ್ಕ ನೋಡ್ಕೊಂಡು ಓದ್ತಿರೋದ್ರಿಂದ ಕಣ್ಣಾರೆ ಕಂಡಿದ್ದನ್ನೂ ಸೇರಿಸಿ ಬರೀತಿದೀನಿ. ನಮ್ಮ ಗಿರಾಕಿಗಳು ಅಂದ್ರೆ ತಿಪಟೂರಿನ ಕೊಬ್ಬರಿ ಮಂಡಿಯವರು, ಇಲ್ಲಿನ ಹುಣಸೆಹಣ್ಣಿನ ವ್ಯಾಪಾರಿಗಳು, ಒಂದಷ್ಟು ರೈಸ್ ಮಿಲ್.

ಮೊದಲು ಒಂದು ತಪ್ಪು ಹೇಳ್ತೀನಿ. ಒಂದು ದೀಪಾವಳಿಗೆ ಲಿಸ್ಟ್‌ನಲ್ಲಿರೋ ಎಲ್ಲರಿಗೂ ಒಂದೇ ಥರ ಸ್ವೀಟ್ ಬಾಕ್ಸ್ ಕಳಿಸಿದ್ವಿ. ಅದ್ರಲ್ಲಿ ಒಬ್ಬ ಹಳೇ ಗಿರಾಕಿ ಮನೇಲಿ ಅವರ ತಂದೆ ತೀರಿಕೊಂಡು ಇನ್ನೂ ಮೂರು ವಾರ ಆಗಿರ್ಲಿಲ್ಲ, ಆ ವರ್ಷ ಅವರಿಗೆ ಹಬ್ಬನೇ ಇಲ್ಲ, ನಮ್ಮ ಹುಡುಗ ಹೋಗಿ ಬಾಗಿಲಲ್ಲಿ ನಿಂತು ಹ್ಯಾಪಿ ದೀಪಾವಳಿ ಅಂದಿದಾನೆ. ಅವರು ಏನೂ ಅನ್ಲಿಲ್ಲ, ಬಾಕ್ಸ್ ಇಸ್ಕೊಂಡು ಪಕ್ಕಕ್ಕಿಟ್ರಂತೆ. ಮಾರನೇ ದಿನ ಮಾವ ಬರಿಗೈಲಿ ಹೋಗಿ ಒಂದು ಗಂಟೆ ಅವರ ಜೊತೆ ಕೂತು ಬಂದ್ರು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಅವತ್ತಿಂದ ಸಾಲದ ಖಾತೆ ಪುಸ್ತಕದ ಪಕ್ಕದಲ್ಲೇ ಇನ್ನೊಂದು ನೋಟ್‌ಬುಕ್ ಇಟ್ಟಿದೀನಿ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ: ಮನೇಲಿ ಯಾರ್ಯಾರಿದಾರೆ, ಶುಗರ್ ಇದೆಯಾ, ಯಾವ ಹಬ್ಬ ದೊಡ್ಡದಾಗಿ ಮಾಡ್ತಾರೆ, ಅಂಗಡೀಲಿ ಏನಕ್ಕೆ ಒದ್ದಾಡ್ತಾರೆ. ಲೋಡ್ ಕೊಡಕ್ಕೆ ಹೋದಾಗ, ಪೇಮೆಂಟ್‌ಗೆ ಫೋನ್ ಮಾಡ್ದಾಗ ಕಿವಿಗೆ ಬಿದ್ದಿದ್ದನ್ನೆಲ್ಲ ಬರ್ಕೊಳ್ಳೋದು. ವರ್ಷ ಪೂರ್ತಿ ಹಿಂಗೆ ಬರ್ದಿದ್ರೆ ಹಬ್ಬದ ವಾರ ಅಂಗಡಿ ಅಂಗಡಿ ಸುತ್ತಿ ಏನ್ ತಗೊಳ್ಳೋದು ಅಂತ ತಲೆ ಕೆಡಿಸ್ಕೊಳ್ಳೋ ಹಂಗಿಲ್ಲ, ಪುಟ ತಿರುವಿದ್ರೆ ಉತ್ತರ ಅಲ್ಲೇ ಇರುತ್ತೆ.

ಒಂದು ಉದಾಹರಣೆ. ತಿಪಟೂರಿನ ಒಂದು ಮಂಡೀಲಿ ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ದೆ, ಹರಾಜಿನ ದಿನ ಬಂದಾಗೆಲ್ಲ ಆ ತಾರೀಖಿನ ಚೌಕದಲ್ಲಿ ಉಂಡೆ ಕೊಬ್ಬರಿ ರೇಟು ಪೆನ್ನಲ್ಲಿ ಬರ್ದಿದ್ರು, ಜಾಗ ಸಾಲದೆ ಅಂಕಿ ತಿಥಿ ನಕ್ಷತ್ರದ ಮೇಲೆಲ್ಲ ಹತ್ಕೊಂಡಿತ್ತು, ಕೆಲವು ಕಡೆ ಓದಕ್ಕೂ ಆಗ್ತಿರ್ಲಿಲ್ಲ. ಅದೇ ಗೋಡೆ ಕೆಳಗೆ ಬೇರೆ ಬೇರೆ ಕಂಪನಿ ಕೊಟ್ಟ ನಾಲ್ಕು ಗೋಡೆ ಗಡಿಯಾರ ಡಬ್ಬ ಕೂಡ ಬಿಚ್ಚದೆ ಕೂತಿದ್ವು. ಮುಂದಿನ ವರ್ಷಕ್ಕೆ ನಾವು ದೊಡ್ಡ ಚೌಕ ಇರೋ ಕ್ಯಾಲೆಂಡರ್ ಪ್ರಿಂಟ್ ಮಾಡಿಸಿದ್ವಿ, ತಿಥಿ ಒಂದು ಮೂಲೇಲಿ ಚಿಕ್ಕದಾಗಿ, ಬರೆಯಕ್ಕೆ ಜಾಗ ಬಿಟ್ಟು, ನಮ್ಮ ಅಂಗಡಿ ಹೆಸರು ಕೆಳಗಡೆ ಒಂದೇ ಸಾಲು. ಹೆಸರು ದೊಡ್ಡದಾಗಿ ಹಾಕಿದ್ರೆ ಅದು ನಮ್ಮ ಜಾಹೀರಾತು ಆಗೋಗುತ್ತೆ, ಅವರ ಗಿಫ್ಟ್ ಆಗಲ್ಲ. ಬ್ಯಾಗು, ಬಾಟಲಿ, ಡೈರಿ ಎಲ್ಲಕ್ಕೂ ಇದನ್ನೇ ನೆನಪಿಟ್ಕೊಳ್ಳಿ.

ಟೈಮ್ ವಿಷಯ. ದೀಪಾವಳಿಗೆ ಎಲ್ಲರ ಮನೇಲೂ ಡ್ರೈ ಫ್ರೂಟ್ಸ್ ಬಾಕ್ಸ್ ರಾಶಿ ಬಿದ್ದಿರುತ್ತೆ, ನಮ್ಮದು ಯಾವುದು ಅಂತ ಅವರಿಗೆ ಗೊತ್ತೂ ಆಗಲ್ಲ. ನಾವು ಈಗ ಸಂಕ್ರಾಂತಿಗೆ ಎಳ್ಳು ಬೀರ್ತೀವಿ, ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡ್ಲೆಬೀಜ, ಜೊತೆಗೆ ಸಕ್ಕರೆ ಅಚ್ಚು. ಬೆಲ್ಲ ಕೊಬ್ಬರಿ ಸಣ್ಣಗೆ ಹೆಚ್ಚಿ ಬಿಸಿಲಿಗಿಟ್ಟು ಒಣಗಿಸೋದು ನಮ್ಮತ್ತೆ ಕೆಲಸ, ಕೊಬ್ಬರಿ ನಮ್ಮ ಗಿರಾಕಿಗಳ ಹತ್ರನೇ ತಗೊಳ್ತೀವಿ. ಶುಗರ್ ಇರೋರ ಮನೆಗೆ ಅಚ್ಚು ಕಮ್ಮಿ, ಕಡ್ಲೆಬೀಜ ಜಾಸ್ತಿ. ಶಿಡ್ಲಘಟ್ಟದ ಕಡೆ ಗೂಡಿಂದ ನೂಲು ತೆಗೆಯೋ ರೇಷ್ಮೆ ರೀಲರ್‌ಗಳ ಜೊತೆ ವ್ಯಾಪಾರ ಇರೋರು ರಂಜಾನ್ ನೋಡ್ಕೊಳ್ಳಿ, ಅಲ್ಲಿ ಮುಸ್ಲಿಂ ಕುಟುಂಬಗಳು ಬಹಳ ಇವೆ, ಒಳ್ಳೆ ಖರ್ಜೂರ ಉಪವಾಸ ಶುರುವಾಗೋಕೆ ಮುಂಚೆನೇ ತಲುಪ್ಬೇಕು.

ಯಾರಿಗೆ ಕೊಡೋದು ಅನ್ನೋದೂ ಮುಖ್ಯ. ಚೀಲ ಎಣಿಸಿ ಇಳಿಸ್ಕೊಳ್ಳೋರು ಗುಮಾಸ್ತರು, ಅವರನ್ನ ಮರೀಬಾರದು, ಆದ್ರೆ ಓನರ್ ಎದುರಿಗೇ ಕೊಡಿ. ಗುಟ್ಟಾಗಿ ಕೊಟ್ರೆ ಅದು ಲಂಚನೇ. ರೇಟು ಮಾತಾಡೋ ಸಮಯದಲ್ಲಂತೂ ಏನೂ ಬೇಡ. ದೊಡ್ಡ ಕಂಪನಿ ಆದ್ರೆ ಗಿಫ್ಟ್ ಪಾಲಿಸಿ ಇರುತ್ತೆ, ಮೊದಲೇ ಕೇಳಿ. ಗಿರಾಕಿ ಸರ್ಕಾರಿ ಇಲಾಖೆ ಆದ್ರೆ ಕೈ ಹಾಕ್ಲೇಬೇಡಿ, 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ್ಮೇಲೆ ಕೊಟ್ಟೋರ ಮೇಲೂ ನೇರವಾಗಿ ಕೇಸ್ ಆಗುತ್ತೆ.

ಇನ್ನು ಲೆಕ್ಕ, ಎಕ್ಸಾಮ್‌ಗೂ ಬೇಕಾಗೋದು. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆ ಸೆಕ್ಷನ್ 17(5)(ಎಚ್) ಪ್ರಕಾರ ಗಿಫ್ಟ್ ಆಗಿ ಕೊಟ್ಟ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ಕೊಳ್ಳೋವಾಗ ಕೊಟ್ಟ ಜಿಎಸ್‌ಟಿನ ನಾವು ಕಟ್ಟೋ ಜಿಎಸ್‌ಟಿಲಿ ಕಳ್ಕೊಳ್ಳೋ ಸೌಲಭ್ಯ, ಸಿಗಲ್ಲ. 400 ರೂಪಾಯಿದು 50 ಸ್ವೀಟ್ ಬಾಕ್ಸ್ ಅಂದ್ರೆ 20,000, ಅದಕ್ಕೆ 5% ಜಿಎಸ್‌ಟಿ 1,000. ಆ 1,000 ವಾಪಸ್ ಬರಲ್ಲ, ಆದ್ರಿಂದ ಬಜೆಟ್‌ನಲ್ಲಿ 21,000 ಅಂತನೇ ಬರ್ಕೊಳ್ಳಿ. ಇನ್ನೊಂದು, 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ ಸೆಕ್ಷನ್ 194ಆರ್, 2022ರ ಜುಲೈ 1ರಿಂದ ಬಂದಿದ್ದು; 2026ರ ಏಪ್ರಿಲ್ 1ರಿಂದ ಆ ಕಾಯ್ದೆ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, ನಿಯಮ ಅದೇ, ಸೆಕ್ಷನ್ ನಂಬರ್ ಬೇರೆ. ಒಬ್ಬ ಗಿರಾಕಿಗೆ ಬಿಸಿನೆಸ್ ಸಂಬಂಧವಾಗಿ ಒಂದು ಹಣಕಾಸು ವರ್ಷದಲ್ಲಿ ಕೊಟ್ಟ ಬೆನಿಫಿಟ್ ಎಲ್ಲ ಸೇರಿ 20,000 ದಾಟಿದ್ರೆ 10% ಟಿಡಿಎಸ್, ಅಂದ್ರೆ ಕೊಡೋರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟೋ ತೆರಿಗೆ. 24,000ದ ಮೊಬೈಲ್ ಕೊಟ್ರೆ ಬರೀ ದಾಟಿದ 4,000ಕ್ಕಲ್ಲ, ಪೂರ್ತಿ 24,000ಕ್ಕೆ, ಅಂದ್ರೆ 2,400. ಇಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ. ಕೊಡೋರು ಇಂಡಿವಿಜುಯಲ್ ಅಥವಾ ಹಿಂದೂ ಅವಿಭಕ್ತ ಕುಟುಂಬ, ಅಂದ್ರೆ ಎಚ್‌ಯುಎಫ್ ಆಗಿದ್ದು, ಹಿಂದಿನ ವರ್ಷದ ವ್ಯಾಪಾರದ ಟರ್ನೋವರ್ 1 ಕೋಟಿ ದಾಟದೆ ಇದ್ರೆ ಅವರಿಗೆ ಇದು ಅನ್ವಯ ಆಗಲ್ಲ.

ಕೊನೇದಾಗಿ ತಲುಪಿಸೋದು. ಕೊರಿಯರ್ ಬೇಡ, ವರ್ಷಕ್ಕೊಂದ್ಸಲ ನಾವೇ ಹೋಗೋಣ ಅಂತ ಮಾವ ರೂಲ್ ಮಾಡಿದಾರೆ. ಹೊರಡೋಕೆ ಮುಂಚೆ ಒಂದು ಫೋನು, ಮನೇಲೆಲ್ಲ ಹೆಂಗಿದೀರಣ್ಣ ಅಂತ. ಆ ಫೋನ್ ಆದ್ಮೇಲೇ ನಾನು ಡಬ್ಬಕ್ಕೆ ಹೆಸರಿನ ಚೀಟಿ ಅಂಟ್ಸೋದು.